ಅಮ್ಮನ ಕಿವಿಗೆ ಮೆಷಿನ್ ಹಾಕಿಸಿದ ಓಡಾಟ

ಅಮ್ಮನ ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕಿಸುವ ಓಡಾಟ ಹೋದ ವಾರ ಮುಗಿಯಿತು. ಟ್ಯೂನಿಂಗ್ ಮಾಡಿಸಿ ಅವಳನ್ನು ಅರಸೀಕೆರೆಯ ಮನೆಗೆ ಬಿಟ್ಟು ಬಂದಿದ್ದೇನೆ. ಶುರು ಮಾಡುವಾಗ ಎಲ್ಲಿಗೆ ಹೋಗಬೇಕು, ಯಾವ ಕಾಗದ ಬೇಕು, ಎಷ್ಟು ದುಡ್ಡು ಆಗುತ್ತೆ ಅಂತ ಸರಿಯಾಗಿ ಹೇಳುವವರು ನಮಗೆ ಯಾರೂ ಸಿಗಲಿಲ್ಲ. ಒಬ್ಬೊಬ್ಬರದು ಒಂದೊಂದು ಮಾತು. 60 ದಾಟಿದವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನರಿಗೆ ದಿನದ ಬದುಕಿಗೆ ತೊಡಕಾಗುವಷ್ಟು ಕಿವಿ ಮಂದವಾಗಿರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದ ಮೇಲೆ ಈ ದಾರಿ ಹಿಡಿಯಬೇಕಾದ ಮನೆಗಳು ಬಹಳ ಇರುತ್ತವೆ. ಅವರಿಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಅಮ್ಮನಿಗೆ 73 ವರ್ಷ. ಅಪ್ಪ ಹೋದ ಮೇಲೆ ಅರಸೀಕೆರೆಯಲ್ಲಿ ಒಬ್ಬಳೇ ಇದ್ದಾಳೆ. ಹಾಗಿರುವುದು ಅವಳದೇ ತೀರ್ಮಾನ. ಊರ ಹೊರಗೆ ಸ್ವಲ್ಪ ತೆಂಗಿನ ತೋಟ ಇದೆ. ಕಾಯಿ ಕೆಡವಿಸುವುದು, ಅಟ್ಟಕ್ಕೆ ಹಾಕಿಸುವುದು, ಉಂಡೆ ಕೊಬ್ಬರಿ ಮಾರುವುದು, ಪೆನ್ಷನ್‌ಗೆ ಬ್ಯಾಂಕಿಗೆ ಹೋಗುವುದು ಎಲ್ಲ ಅವಳೇ. ನಾನಿರುವುದು ಮೈಸೂರಿನಲ್ಲಿ, ತಮ್ಮ ಇರುವುದು ಬೆಂಗಳೂರಿನಲ್ಲಿ. ನಮ್ಮ ಹತ್ತಿರ ಬಂದಿರು ಅಂತ ಎಷ್ಟು ಕರೆದರೂ ಬರುವವಳಲ್ಲ.

ಎರಡು ಮೂರು ವರ್ಷದಿಂದ ಟಿವಿ ಸೌಂಡು ಜಾಸ್ತಿ ಆಗುತ್ತಾ ಬಂದಿತ್ತು. ಅದು ಎಲ್ಲ ಮನೆಯಲ್ಲೂ ಇರುವುದೇ. ಅದಕ್ಕಿಂತ ದೊಡ್ಡದು ಬೇರೆ ಕಡೆ ನಡೆಯುತ್ತಿತ್ತು. ಕೊಬ್ಬರಿ ವ್ಯಾಪಾರಿ ಫೋನ್‌ನಲ್ಲಿ ಕ್ವಿಂಟಾಲಿಗೆ ಹದಿಮೂರು ಸಾವಿರ ಅಂದದ್ದು ಅವಳಿಗೆ ಹದಿನಾರು ಅಂತ ಕೇಳಿಸಿತು. ಮಾಲು ಹೋದ ಮೇಲೆ ಜಗಳ ಆಯಿತು. ಅಲ್ಲಿಂದ ಮುಂದೆ ವ್ಯಾಪಾರದ ಮಾತನ್ನೆಲ್ಲ ತಮ್ಮನಿಗೆ ವಹಿಸಿಬಿಟ್ಟಳು. ಬ್ಯಾಂಕಿನ ಗಾಜಿನ ಆಚೆಯಿಂದ ಹೇಳಿದ್ದು ಗೊತ್ತಾಗುವುದಿಲ್ಲ ಅಂತ ಪಕ್ಕದ ಮನೆ ಹುಡುಗಿಯನ್ನು ಜೊತೆಗೆ ಕರೆದುಕೊಂಡು ಹೋಗುವುದು ರೂಢಿ ಆಯಿತು. ಶನಿವಾರದ ಭಜನೆ ನಿಂತಿತು. ಕೇಳಿದರೆ 'ಮಂಡಿ ನೋವು' ಅಂತಿದ್ದಳು. ಮಂಡಿ ನೋವು ಇದ್ದದ್ದು ನಿಜ, ಆದರೆ ಅದೇ ಮಂಡಿಯಲ್ಲಿ ತೋಟಕ್ಕೆ ನಡೆದು ಹೋಗುತ್ತಿದ್ದಳು. ಹೀಗೆ ಕೈಯಲ್ಲಿದ್ದ ಕೆಲಸ ಒಂದೊಂದೇ ಬೇರೆಯವರ ಪಾಲಾಯಿತು. ಕಿವಿ ಮಂದವಾದರೆ ಹೋಗುವುದು ಶಬ್ದ ಮಾತ್ರ ಅಲ್ಲ ಅಂತ ಈಗ ಯಾರು ಕೇಳಿದರೂ ಹೇಳುತ್ತೇನೆ.

ಆಮೇಲೆ ಮಾತ್ರೆಯ ವಿಷಯ ಆಯಿತು. ಬಿಪಿ ನೋಡುವ ಡಾಕ್ಟರು ಹಳೆಯ ಮಾತ್ರೆ ನಿಲ್ಲಿಸಿ ಹೊಸದು ಬರೆದುಕೊಟ್ಟಿದ್ದರು. ಅವರು ಮಾಸ್ಕ್ ಹಾಕಿಕೊಂಡಿದ್ದರು, ಹೊರಗೆ ರೋಗಿಗಳ ಗಲಾಟೆ. ಅಮ್ಮ ಎಲ್ಲದಕ್ಕೂ ಹೂಂ ಅಂದು ಎದ್ದು ಬಂದಿದ್ದಾಳೆ. ಮನೆಗೆ ಬಂದು ಎರಡನ್ನೂ ನುಂಗಿದ್ದಾಳೆ. ಕೆಲವು ದಿನಕ್ಕೆ ತಲೆ ಸುತ್ತು ಬಂದು ಬಚ್ಚಲುಮನೆ ಬಾಗಿಲಲ್ಲಿ ಬಿದ್ದಳು. ಮೂಳೆ ಮುರಿಯಲಿಲ್ಲ, ಮುಂಗೈ ಊದಿಕೊಂಡಿತು. ನೋಡಲು ಬಂದ ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಕರೆದು, "ಅಕ್ಕನಿಗೆ ಮರೆವು ಶುರುವಾಗಿದೆ ಕಣೇ, ಹೇಳಿದ್ದು ಯಾವುದೂ ತಲೇಲಿ ನಿಲ್ತಿಲ್ಲ. ನರದ ಡಾಕ್ಟರಿಗೆ ತೋರಿಸು" ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಸನದಲ್ಲಿ ಕೈ ತೋರಿಸಲು ಹೋದಾಗ ಅಲ್ಲಿನ ಡಾಕ್ಟರು ಒಂದು ಸಣ್ಣ ಕೆಲಸ ಮಾಡಿದರು. ಅಮ್ಮನ ಬೆನ್ನ ಹಿಂದೆ ನಿಂತು ಸಾಧಾರಣ ದನಿಯಲ್ಲಿ, "ಬೆಳಗ್ಗೆ ತಿಂಡಿ ಏನು ತಿಂದ್ರಿ?" ಅಂತ ಕೇಳಿದರು. ಅಮ್ಮ ತಿರುಗಲೇ ಇಲ್ಲ. ಎದುರಿಗೆ ಬಂದು ಅದನ್ನೇ ಕೇಳಿದರು. "ಅಕ್ಕಿ ರೊಟ್ಟಿ, ಕಾಯಿ ಚಟ್ನಿ" ಅಂದಳು. ನಾನು ಮರೆವಿನ ಮಾತು ಎತ್ತಿದಾಗ ಅವರು, "ಮರೆವಿನ ಪರೀಕ್ಷೆಯಲ್ಲಿ ಪ್ರಶ್ನೆ ಕೇಳ್ತಾರೆ. ಆ ಪ್ರಶ್ನೆ ಮೊದಲು ಕಿವಿಗೆ ಬೀಳಬೇಕು ಅಲ್ವಾ? ಕಿವಿ ತೋರಿಸಿ, ಆಮೇಲೆ ಅದನ್ನ ನೋಡೋಣ" ಅಂದರು.

ಮನೆಗೆ ಬಂದು ಸಿಕ್ಕಿದ್ದನ್ನೆಲ್ಲ ಓದಿದೆ. ಬೀಳುವುದಕ್ಕೂ ಕಿವಿಗೂ ನಂಟಿದೆಯಂತೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 40ರಿಂದ 69 ವಯಸ್ಸಿನವರ ಪೈಕಿ ಕಿವಿ ಸ್ವಲ್ಪ ಮಂದ ಇದ್ದವರು ಬಿದ್ದಿರುವ ಸಾಧ್ಯತೆ ಉಳಿದವರಿಗಿಂತ ಸುಮಾರು 3 ಪಟ್ಟು ಜಾಸ್ತಿ ಕಂಡುಬಂದಿತ್ತು. ಸುತ್ತ ಏನು ನಡೆಯುತ್ತಿದೆ ಅನ್ನುವ ಸುಳಿವು ಕಡಿಮೆಯಾಗುತ್ತೆ, ಮಾತು ಹಿಡಿಯುವುದಕ್ಕೇ ಮೆದುಳಿನ ಶಕ್ತಿ ಖರ್ಚಾಗುತ್ತೆ, ಹೆಜ್ಜೆಯ ಮೇಲೆ ಗಮನ ಉಳಿಯುವುದಿಲ್ಲ ಅನ್ನುವುದು ಅವರು ಕೊಡುವ ಕಾರಣ. ಮರೆವಿನ ಕಾಯಿಲೆಗೆ ದಾರಿ ಮಾಡಿಕೊಡುವ, ಆದರೆ ನಾವು ತಡೆಯಬಹುದಾದ 14 ಅಂಶಗಳ ಪಟ್ಟಿಯನ್ನು 'ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟಿದೆ. ಅದರಲ್ಲಿ ಕಿವಿ ಮಂದವಾಗುವುದೂ ಒಂದು. ಹಾಗಂತ ಮೆಷಿನ್ ಹಾಕಿದರೆ ಮರೆವು ಬರುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2023ರಲ್ಲಿ ಬಂದ 'ಅಚೀವ್' ಅನ್ನುವ ದೊಡ್ಡ ಪ್ರಯೋಗದಲ್ಲಿ 70ರಿಂದ 84 ವಯಸ್ಸಿನವರನ್ನು 3 ವರ್ಷ ಗಮನಿಸಿದ್ದರು. ಎಲ್ಲರನ್ನೂ ಸೇರಿಸಿ ನೋಡಿದಾಗ ಮೆಷಿನ್ ಸಿಕ್ಕವರಿಗೂ ಸಿಗದವರಿಗೂ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದವರ ಗುಂಪಿನಲ್ಲಿ ಮಾತ್ರ, ಮೆಷಿನ್ ಮತ್ತು ತರಬೇತಿ ಸಿಕ್ಕವರಲ್ಲಿ ಬುದ್ಧಿ ಮಂಕಾಗುವ ವೇಗ 48% ಕಡಿಮೆ ಇತ್ತು. ಅಮ್ಮನಿಗೆ ಬಿಪಿ ಇದೆ, ಒಂಟಿಯಾಗಿದ್ದಾಳೆ, ಜನರ ಜೊತೆ ಸೇರುವುದನ್ನು ಬಿಟ್ಟಿದ್ದಾಳೆ. ತಡ ಮಾಡಬಾರದು ಅನ್ನಿಸಲು ನನಗೆ ಇಷ್ಟು ಸಾಕಾಯಿತು.

ಮೊದಲ ತೊಡಕು ಗುಗ್ಗೆ. ಇಎನ್‌ಟಿ ಡಾಕ್ಟರು ಒಳಗೆ ಬೆಳಕು ಬಿಟ್ಟು ನೋಡಿ, ಎರಡೂ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದೆ, ಅದು ಹೋಗುವ ತನಕ ಪರೀಕ್ಷೆ ಮಾಡಿದರೆ ಲೆಕ್ಕ ತಪ್ಪುತ್ತೆ ಅಂದರು. ಕೆಲವು ದಿನ ಡ್ರಾಪ್ಸ್ ಹಾಕಿ ಮತ್ತೆ ಬನ್ನಿ ಅಂತ ಕಳಿಸಿದರು. ಅಂದೇ ಪರೀಕ್ಷೆ ಆಗುತ್ತೆ ಅಂದುಕೊಂಡು ರಜೆ ಹಾಕಿ ಹೋದವರಿಗೆ ಇದು ಬೇಸರ ತರುತ್ತೆ. ಹಾಗಾಗಿ ಮೊದಲ ಭೇಟಿಯನ್ನು ಕಿವಿ ಸ್ವಚ್ಛ ಮಾಡಿಸಲು ಅಂತಲೇ ಇಟ್ಟುಕೊಳ್ಳಿ. ಕೆಲವರಿಗೆ ಗುಗ್ಗೆ ತೆಗೆದರೇ ಅರ್ಧ ತೊಂದರೆ ಹೋಗುತ್ತೆ. ಮನೆಯಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದು, ಪಿನ್ನು ಕಡ್ಡಿ ಹಾಕುವುದು ಖಂಡಿತ ಬೇಡ. ಇನ್ನೂ ಒಂದು ಮುಖ್ಯ ವಿಷಯ. ವಯಸ್ಸಿನಿಂದ ಬರುವ ಮಂದ ವರ್ಷಗಟ್ಟಲೆ ನಿಧಾನವಾಗಿ ಬರುತ್ತೆ. ಒಂದೇ ದಿನದಲ್ಲಿ, ಅಥವಾ ಎರಡು ಮೂರು ದಿನದಲ್ಲಿ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದೆ ಹೋದರೆ ಅದು ತುರ್ತು. ಆ ದಿನವೇ ಇಎನ್‌ಟಿಗೆ ಹೋಗಿ. ಬೇಗ ಔಷಧಿ ಶುರುವಾದರೆ ಮಾತ್ರ ವಾಪಸ್ ಬರುವ ಆಸೆ ಇರುತ್ತೆ.

ಕಿವಿ ಸ್ವಚ್ಛವಾದ ಮೇಲೆ ಒಂದು ಅಂಗಡಿಗೆ ಹೋದೆವು. ಉಚಿತ ಪರೀಕ್ಷೆ ಅಂತ ಬೋರ್ಡ್ ಇತ್ತು. ಪರೀಕ್ಷೆ ಬೇಗ ಮುಗಿಯಿತು. ಆಮೇಲೆ ಶುರುವಾದ ಮಾತು ಮಾತ್ರ ಬೇಗ ಮುಗಿಯಲಿಲ್ಲ. ಜೋಡಿಗೆ ₹1,80,000, ಇವತ್ತೇ ಕೊಂಡರೆ ₹1,40,000, ನಾಳೆ ಬಂದರೆ ಈ ರೇಟು ಇಲ್ಲ ಅಂದರು. ಪರೀಕ್ಷೆಯ ಚೀಟಿ ಕೊಡಿ ಅಂದರೆ, ಮೆಷಿನ್ ಕೊಂಡರೆ ಮಾತ್ರ ಕೊಡುವುದು ಅಂದರು. ಅಮ್ಮ ನನ್ನ ಮುಖ ನೋಡುತ್ತಿದ್ದಳು. ಮಾತು ಕೇಳಿಸದಿದ್ದರೂ ದುಡ್ಡಿನ ಮಾತು ಅಂತ ಅವಳಿಗೆ ಗೊತ್ತಾಗಿತ್ತು. "ಏಳು, ಹೋಗೋಣ. ನನ್ನ ಕಿವಿಗೆ ಅಷ್ಟು ಬೆಲೆ ಇಲ್ಲ" ಅಂದಳು. ಬಸ್ ಸ್ಟ್ಯಾಂಡ್ ತನಕ ನನಗೆ ಗಂಟಲು ಕಟ್ಟಿದ ಹಾಗಿತ್ತು.

ನೀವೂ ಅಂಗಡಿಗೆ ಹೋಗುವುದಾದರೆ, ಪರೀಕ್ಷೆಗೆ ದುಡ್ಡು ಕೊಟ್ಟು ಮಾಡಿಸಿ, ಆಡಿಯೋಗ್ರಾಮ್, ಅಂದರೆ ಪರೀಕ್ಷೆಯ ಗ್ರಾಫ್ ಇರುವ ಚೀಟಿ, ಕೈಗೆ ತೆಗೆದುಕೊಳ್ಳಿ. ಅದು ನಿಮ್ಮದು. ಮೆಷಿನ್ ಹಾಕಿ ನೋಡಲು ಎಷ್ಟು ದಿನ ಕೊಡುತ್ತಾರೆ, ಎಷ್ಟು ಸಲ ಟ್ಯೂನಿಂಗ್ ಉಚಿತ, ಕೆಟ್ಟರೆ ರಿಪೇರಿ ಎಲ್ಲಿ ಅನ್ನುವುದನ್ನು ಬರೆದು ಕೊಡಲು ಹೇಳಿ. ಹಿಯರಿಂಗ್ ಏಡ್‌ಗೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಸೇರಿಸಿದ್ದರೆ ಯಾಕೆ ಅಂತ ಕೇಳಿ. 'ಇವತ್ತು ಮಾತ್ರ' ಅನ್ನುವ ಕಡೆ ಕೊಳ್ಳಬೇಡಿ.

ಕಡೆಗೆ ನಾವು ಹೋದದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಮೈಸೂರಿನವರು 'ಸ್ಪೀಚ್ ಅಂಡ್ ಹಿಯರಿಂಗ್' ಅಂತಾರೆ. ಆಟೋದವರಿಗೂ ಹಾಗೇ ಹೇಳಿ. 1965ರಲ್ಲಿ ಶುರುವಾದ, ಕೇಂದ್ರ ಆರೋಗ್ಯ ಇಲಾಖೆಯ ಸಂಸ್ಥೆ. ಕಿವಿ ಮತ್ತು ಮಾತಿನ ತೊಂದರೆಗೆ ಚಿಕಿತ್ಸೆ ಕೊಡುತ್ತಾ ಅದನ್ನೇ ಓದಿಸುವ ಜಾಗ. ಅರಸೀಕೆರೆಯಿಂದ ಹಾಸನ, ಹೊಳೆನರಸೀಪುರದ ಮೇಲೆ ನೇರ ರೈಲು ಇರುವುದರಿಂದ ಅಮ್ಮನಿಗೆ ಬಸ್ಸಿನ ಕುಲುಕಾಟ ತಪ್ಪಿತು.

ಬೆಳಗ್ಗೆ ಬೇಗ ಹೋಗಿ, ಇಡೀ ದಿನ ಇಟ್ಟುಕೊಳ್ಳಿ. ನೋಂದಣಿ ಆಗುತ್ತೆ, ಮೊದಲಿನಿಂದ ಏನೇನಾಯಿತು ಅಂತ ವಿವರವಾಗಿ ಕೇಳುತ್ತಾರೆ, ಆಮೇಲೆ ಪರೀಕ್ಷೆ. ನಡುನಡುವೆ ಕಾಯಬೇಕು. ದೂರದ ಊರುಗಳಿಂದ ಬಂದವರು, ಮಾತು ಬಾರದ ಪುಟ್ಟ ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಎಲ್ಲರೂ ಅಲ್ಲೇ. ಓದುವ ಹುಡುಗ ಹುಡುಗಿಯರೂ ಪರೀಕ್ಷೆ ಮಾಡುತ್ತಾರೆ, ಹಿರಿಯರು ಮೇಲೆ ನಿಂತು ನೋಡಿಕೊಳ್ಳುತ್ತಾರೆ. ಹಾಗಾಗಿ ಸಮಯ ಹಿಡಿಯುತ್ತೆ, ಆದರೆ ಅವಸರ ಮಾಡುವುದಿಲ್ಲ. ನಮಗೆ ಬೇಕಿದ್ದದ್ದೂ ಅದೇ. ವಯಸ್ಸಾದವರ ಜೊತೆ ಹೋಗುವವರು ಊಟದ ಡಬ್ಬಿ, ನೀರು, ಮಧ್ಯಾಹ್ನದ ಮಾತ್ರೆ ಮರೆಯಬೇಡಿ. ಸಕ್ಕರೆ ಕಾಯಿಲೆ ಇದ್ದರಂತೂ ಹಸಿದಿರಬಾರದು.

ಪರೀಕ್ಷೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅಮ್ಮ ಅದಕ್ಕೆ ಹೆದರಿದ್ದಳು. ದಪ್ಪ ಬಾಗಿಲಿನ, ಹೊರಗಿನ ಶಬ್ದ ಬಾರದ ಸಣ್ಣ ಕೋಣೆ. ಒಳಗೆ ಕೂರಿಸಿ ಹೆಡ್‌ಫೋನ್ ಹಾಕುತ್ತಾರೆ. ಟುಂಯ್ ಅನ್ನುವ ಶಬ್ದ ಎಷ್ಟು ಸಣ್ಣಗೆ ಕೇಳಿದರೂ ಬೆರಳು ಎತ್ತಬೇಕು. ಕಿಟಕಿಯ ಗಾಜಿನಿಂದ ಅಮ್ಮ ಕಾಣುತ್ತಿದ್ದಳು. ಕಣ್ಣು ಮುಚ್ಚಿ, ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದು, ತೋರುಬೆರಳನ್ನು ಮಾತ್ರ ಎತ್ತಿ ಇಳಿಸುತ್ತಿದ್ದಳು. ಶುರುವಿನಲ್ಲಿ ಬೆರಳು ಬೇಗ ಬೇಗ ಏಳುತ್ತಿತ್ತು. ಶಬ್ದ ಕೀರಲು ಆಗುತ್ತಾ ಹೋದ ಹಾಗೆ ಬೆರಳು ಏಳುವುದೇ ನಿಂತಿತು. ಪರೀಕ್ಷೆ ಮಾಡುವ ಹುಡುಗಿ ಗುಂಡಿ ಒತ್ತುತ್ತಲೇ ಇದ್ದಳು. ನನಗೆ ಆಗ ಮೊದಲ ಸಲ ಅಮ್ಮನಿಗೆ ಏನು ಕೇಳುತ್ತೆ, ಏನು ಕೇಳಲ್ಲ ಅನ್ನುವುದು ಕಣ್ಣಿಗೆ ಕಂಡಿತು.

ಆಮೇಲೆ ಕಿವಿಯ ಹಿಂದಿನ ಮೂಳೆಗೆ ಒಂದು ಸಾಧನ ಇಟ್ಟು ಅದೇ ಪರೀಕ್ಷೆ. ತೊಂದರೆ ಹೊರಗಿವಿ, ನಡುಗಿವಿಯಲ್ಲಿದೆಯೋ ಒಳಗಿವಿಯಲ್ಲಿದೆಯೋ ಅಂತ ಅದರಿಂದ ತಿಳಿಯುತ್ತೆ. ಕಿವಿಗೆ ಮೆಲ್ಲಗೆ ಗಾಳಿ ಒತ್ತಿ ತಮಟೆಯ ಚಲನೆ ನೋಡುತ್ತಾರೆ. ಕನ್ನಡ ಪದ ಹೇಳಿ ತಿರುಗಿ ಹೇಳಿಸುತ್ತಾರೆ. ಯಾವುದರಲ್ಲೂ ನೋವಿಲ್ಲ.

ಕೊನೆಗೆ ಕೊಡುವ ಗ್ರಾಫ್‌ನಲ್ಲಿ ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಾಕಾರದ ಗುರುತು ಎಡಗಿವಿ. ಗೆರೆ ಕೆಳಗೆ ಇಳಿದಷ್ಟೂ ಕಿವಿ ಮಂದ. ಅದನ್ನು ಅಳೆಯುವುದು ಡೆಸಿಬಲ್ ಲೆಕ್ಕದಲ್ಲಿ, ಅಂಕಿ ಹೆಚ್ಚಿದಷ್ಟೂ ನಷ್ಟ ಹೆಚ್ಚು. ಅಮ್ಮನದು ಸರಾಸರಿ ಬಲಗಡೆ 51, ಎಡಗಡೆ 57 ಡೆಸಿಬಲ್. ಗೆರೆ ಎಡದಿಂದ ಬಲಕ್ಕೆ ಇಳಿಜಾರಾಗಿತ್ತು. ಅಂದರೆ ದಪ್ಪ ದನಿ ಕೇಳುತ್ತೆ, ಕೀರಲು ಶಬ್ದ ಕೇಳಲ್ಲ. ವಯಸ್ಸಾದಾಗ ಒಳಗಿವಿಯ ಸೂಕ್ಷ್ಮ ಕೋಶಗಳು ಸಾಯುವುದು ಆ ಕಡೆಯಿಂದಲೇ ಶುರುವಾಗುತ್ತಂತೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಆಡಿಯಾಲಜಿಸ್ಟ್, ಅಂದರೆ ಕೇಳುವಿಕೆ ಪರೀಕ್ಷಿಸುವ ತಜ್ಞರು, ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ಸ್ವರಗಳು ಇವರಿಗೆ ಕೇಳ್ತವೆ. ಸ, ಶ, ತ, ಕ, ಪ ಇಂಥವು ಬಿಟ್ಟು ಹೋಗ್ತವೆ. ಹಾಗಾಗಿ ನೀವು ಮಾತಾಡ್ತಿದ್ದೀರಿ ಅಂತ ಗೊತ್ತಾಗುತ್ತೆ, ಏನಂದ್ರಿ ಅಂತ ಗೊತ್ತಾಗಲ್ಲ. ಕಿರುಚಿದರೆ ಸ್ವರ ಇನ್ನೂ ಜೋರಾಗುತ್ತೆ ಅಷ್ಟೇ. ಇವರಿಗೆ ಕಿವಿ ನೋವಾಗುತ್ತೆ." 'ಕೇಳ್ಸುತ್ತೆ, ತಿಳಿಯಲ್ಲ' ಅಂತ ಅಮ್ಮ ವರ್ಷದಿಂದ ಹೇಳುತ್ತಿದ್ದ ಮಾತಿಗೆ ಅಂದು ಕಾರಣ ಸಿಕ್ಕಿತು.

ಮೆಷಿನ್ ಬೇಡ ಅನ್ನುವ ಹಟ ಮಾತ್ರ ಇನ್ನೂ ಇತ್ತು. "ಕೆಪ್ಪಿ ಅಂತಾರೆ. ಮದುವೆ ಮನೇಲಿ ಎಲ್ಲರೂ ಕಿವೀನೇ ನೋಡ್ತಾರೆ" ಅಂತಿದ್ದಳು. ನಾನು ಹೇಳಿದ ಯಾವ ಮಾತೂ ನಾಟಲಿಲ್ಲ. ಕಾಯುವ ಬೆಂಚಿನಲ್ಲಿ ಚಾಮರಾಜನಗರದ ಕಡೆಯ ಒಬ್ಬ ಅಜ್ಜಿ ಪಕ್ಕದಲ್ಲಿ ಕೂತಿದ್ದರು. ಅಮ್ಮನಿಗಿಂತ ದೊಡ್ಡವರು. ತಮ್ಮ ಮೆಷಿನ್ ತೆಗೆದು ಅಮ್ಮನ ಅಂಗೈಯಲ್ಲಿ ಇಟ್ಟು, ಬ್ಯಾಟರಿ ಬಾಗಿಲು ತೆಗೆದು ಮುಚ್ಚಿ ತೋರಿಸಿದರು. "ಇದು ಇಲ್ದೆ ನಾಕು ವರ್ಷ ಮೂಲೇಲಿ ಕೂತಿದ್ದೆ ಕಣವ್ವ. ಈಗ ಸೊಸೆ ಏನಂದ್ರೂ ಕೇಳುತ್ತೆ" ಅಂದರು. ಅಮ್ಮ ನಕ್ಕಳು. ಒಳಗೆ ಕರೆದಾಗ ತಾನೇ ಎದ್ದು ಹೋದಳು. ಅದೇ ದಾರಿ ನಡೆದು ಬಂದ, ಅದೇ ವಯಸ್ಸಿನ ಒಬ್ಬರನ್ನು ಮಾತಾಡಿಸುವುದು ಮನೆಯವರ ಹತ್ತು ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತೆ.

ಈಗ ಸರ್ಕಾರದ ಸಹಾಯದ ವಿಷಯ. ಇದರಲ್ಲಿ ಬಹಳ ಗೊಂದಲ ಇದೆ. ಕಿವಿ ಕೇಳದವರಿಗೆಲ್ಲ ಅಂಗವಿಕಲರ ಕಾರ್ಡ್ ಸಿಗುತ್ತೆ, ಮೆಷಿನ್ ಫ್ರೀ ಅಂತ ಊರಲ್ಲಿ ಹೇಳಿದ್ದರು. ಅದನ್ನು ನಂಬಿ ಅಮ್ಮ ನಾಡಕಚೇರಿಯಲ್ಲಿ ಆದಾಯ ಪ್ರಮಾಣ ಪತ್ರಕ್ಕೆ ಅರ್ಜಿ ಹಾಕಿ, ಫೋಟೋ ತೆಗೆಸಿ ಎಲ್ಲ ಮಾಡಿದ್ದಳು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ನಷ್ಟ ಇದ್ದರೆ 'ಶ್ರವಣ ದೋಷ', 70 ಆದರೆ 'ಕಿವುಡು'. ಅಮ್ಮನದು ಎರಡೂ ಕಿವಿ 60ರ ಒಳಗೆ. ಹಾಗಾಗಿ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಇಲ್ಲ. ಅಂಗವಿಕಲರಿಗೆ ಸಾಧನ ಕೊಡುವ, 40% ವಿಕಲತೆಯ ಪ್ರಮಾಣ ಪತ್ರ ಕೇಳುವ ಕೇಂದ್ರದ 'ಎಡಿಪ್' ಯೋಜನೆಯೂ ಇಲ್ಲ. ವ್ಯಾಪಾರದಲ್ಲಿ ಮಾತು ತಿಳಿಯದೆ ನಷ್ಟ ಮಾಡಿಕೊಂಡು, ಮಾತ್ರೆ ತಪ್ಪಾಗಿ ನುಂಗಿ ಬಿದ್ದ ಹೆಂಗಸು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ನನಗೆ ಇದು ಸರಿ ಅನ್ನಿಸುವುದಿಲ್ಲ. ವಯಸ್ಸಾಗಿ ಒಂಟಿಯಾಗಿರುವವರಿಗೆ 50 ಡೆಸಿಬಲ್ ನಷ್ಟವೇ ಬದುಕನ್ನು ಬದಲಿಸಿಬಿಡುತ್ತೆ.

ನಿಮ್ಮ ಮನೆಯವರದು 60ಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಬಿಡಬೇಡಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿಗೆ ಅರ್ಜಿ ಹಾಕಿ. ಕಾರ್ಡ್ ಬಂದ ಮೇಲೆ ಎಡಿಪ್‌ನಲ್ಲಿ ತಿಂಗಳ ಆದಾಯ ₹22,500ರ ಒಳಗಿದ್ದರೆ ಪೂರ್ತಿ, ₹30,000ದ ತನಕ ಅರ್ಧ ಸಹಾಯ ಇದೆ. ಹಿರಿಯರಿಗೆ ಇನ್ನೊಂದು ದಾರಿ 'ರಾಷ್ಟ್ರೀಯ ವಯೋಶ್ರೀ ಯೋಜನೆ', 2017ರಲ್ಲಿ ಶುರುವಾದದ್ದು. 60 ದಾಟಿದ ಬಿಪಿಎಲ್ ಕಾರ್ಡಿನವರು, ಅಥವಾ ತಿಂಗಳಿಗೆ ₹15,000ದ ಒಳಗೆ ಆದಾಯ ಇರುವವರಿಗೆ ಕ್ಯಾಂಪ್ ಮಾಡಿ ಹಿಯರಿಂಗ್ ಏಡ್ ಕೊಡುತ್ತಾರೆ. ಅಮ್ಮನಿಗೆ ಬರುವ ಕುಟುಂಬ ಪಿಂಚಣಿ ಅದಕ್ಕಿಂತ ಸ್ವಲ್ಪ ಮೇಲಿದ್ದದ್ದರಿಂದ ಅದೂ ಆಗಲಿಲ್ಲ. ಈ ಮಿತಿಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ಮುಂಚೆ ಒಮ್ಮೆ ಕೇಳಿಕೊಳ್ಳಿ. ಮೊದಲು ಆಡಿಯೋಗ್ರಾಮ್ ಮಾಡಿಸಿ, ಡೆಸಿಬಲ್ ಎಷ್ಟು ಅಂತ ನೋಡಿ, ಆಮೇಲೆ ಕಾಗದಗಳ ಹಿಂದೆ ಹೋಗಿ. ಹಾಗೆ ಮಾಡಿದರೆ ಸುಮ್ನೆ ಓಡಾಡುವುದು ತಪ್ಪುತ್ತೆ. ನಮ್ಮ ಆರೋಗ್ಯ ವಿಮೆಯಲ್ಲೂ ಹಿಯರಿಂಗ್ ಏಡ್ ಸೇರಿಲ್ಲ.

ಹೀಗೆ ಪೂರ್ತಿ ಖರ್ಚು ನಮ್ಮದೇ ಆಯಿತು. ಸಂಸ್ಥೆಯಲ್ಲಿ ಹೊರಗಿನ ಅಂಗಡಿಗಿಂತ ಕಡಿಮೆ ದರಕ್ಕೆ ಸಿಗುತ್ತೆ. ಜೋಡಿಗೆ ₹42,000 ಚಿಲ್ಲರೆ. ಅಮ್ಮ ಕೊಬ್ಬರಿ ದುಡ್ಡಿನಲ್ಲಿ ಅರ್ಧ ತಾನೇ ಕೊಟ್ಟಳು, ಉಳಿದದ್ದನ್ನು ನಾನೂ ತಮ್ಮನೂ ಹಂಚಿಕೊಂಡೆವು. ಒಂದೇ ಕಿವಿಗೆ ಸಾಕಲ್ವಾ ಅಂತ ಅವಳು ಕೇಳಿದ್ದಳು. ಎರಡೂ ಕಿವಿ ಮಂದ ಇದ್ದಾಗ ಎರಡಕ್ಕೂ ಹಾಕಿದರೆ ಶಬ್ದ ಯಾವ ಕಡೆಯಿಂದ ಬಂತು ಅಂತ ತಿಳಿಯುತ್ತೆ, ರಸ್ತೆ ದಾಟುವಾಗ ಅದು ಬೇಕು ಅಂತ ಸಂಸ್ಥೆಯವರು ಅಂದರು. ಆ ಮಾತಿಗೆ ಒಪ್ಪಿದಳು.

ಕಿವಿಯೊಳಗೆ ಅಡಗುವ ಪುಟ್ಟ ಮೆಷಿನ್ ನೋಡಿ ಅವಳಿಗೆ ಆಸೆ ಆಯಿತು. ಆದರೆ ಬೆರಳಿನ ಗಂಟು ನೋವಿರುವವರಿಗೆ ಅದರ ಬ್ಯಾಟರಿ ಬದಲಿಸುವುದು ಕಷ್ಟ. ಮೇಜಿನ ಮೇಲೆ ಎರಡನ್ನೂ ಇಟ್ಟು, "ನೀವೇ ಬ್ಯಾಟರಿ ಹಾಕಿ ನೋಡಿ" ಅಂದರು. ಪುಟ್ಟದರ ಬ್ಯಾಟರಿ ಬೆರಳಿನಿಂದ ಜಾರಿ ಜಾರಿ ಬಿತ್ತು. ಕಿವಿಯ ಹಿಂದೆ ಕೂರುವುದನ್ನು ತೆಗೆದುಕೊಂಡೆವು. ಯಾರ ಸಹಾಯವೂ ಇಲ್ಲದೆ ಹಾಕಿ ತೆಗೆಯಲು ಬರಬೇಕು, ಒಬ್ಬರೇ ಇರುವವರಿಗೆ ಇದು ಎಲ್ಲಕ್ಕಿಂತ ಮುಖ್ಯ. ಮೆಷಿನ್ ಕಿವಿಗೆ ಸರಿಯಾಗಿ ಕೂರಲು ಅಚ್ಚು ಬೇಕು, ಅದಕ್ಕೆ ಕಿವಿಯೊಳಗೆ ದಾರ ಕಟ್ಟಿದ ಹತ್ತಿ ಇಟ್ಟು ಮೆತ್ತನೆಯ ಹಿಟ್ಟಿನಂಥದ್ದು ತುಂಬುತ್ತಾರೆ, ಸ್ವಲ್ಪ ಹೊತ್ತಿಗೆ ಗಟ್ಟಿಯಾಗುತ್ತೆ. ಅಚ್ಚು ತಯಾರಾಗಿ ಬರಲು ಮತ್ತೆ ಕಾಯಬೇಕು.

ಮೆಷಿನ್ ಹಾಕಿದ ದಿನ ಎಲ್ಲರೂ ಸಂಭ್ರಮ ಪಡುತ್ತೇವೆ ಅಂದುಕೊಂಡಿದ್ದೆವು. ನಡೆದದ್ದು ಬೇರೆ. ಅಮ್ಮ ಒಂದು ಗಂಟೆಯೊಳಗೆ ತೆಗೆದು ಡಬ್ಬಿಗೆ ಹಾಕಿದಳು. ಫ್ಯಾನು, ತಟ್ಟೆ ಲೋಟ, ನಲ್ಲಿ ನೀರು, ಅವಳದೇ ದನಿ, ಎಲ್ಲ ಒಟ್ಟಿಗೆ ನುಗ್ಗಿದ್ದವು. "ತಲೆ ಒಳಗೆ ಸೋಮವಾರದ ಸಂತೆ ನೆರೆದ ಹಾಗಿದೆ" ಅಂದಳು. ಬಹಳ ಮನೆಗಳಲ್ಲಿ ಮೆಷಿನ್ ಬೀರು ಸೇರುವುದು ಈ ಹಂತದಲ್ಲೇ. ವರ್ಷಗಟ್ಟಲೆ ಈ ಶಬ್ದಗಳು ತಲುಪದೆ ಇದ್ದ ಮೆದುಳಿಗೆ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಅಂತ ಮತ್ತೆ ಕಲಿಯಲು ವಾರಗಳೇ ಬೇಕು. ನಾವು ಟ್ಯೂನಿಂಗ್‌ಗೆ ವಾಪಸ್ ಹೋದೆವು. ಕಂಪ್ಯೂಟರಿಗೆ ಜೋಡಿಸಿ ಕೀರಲು ಶಬ್ದ ಸ್ವಲ್ಪ ಇಳಿಸಿದರು, ಮುಂದಿನ ಭೇಟಿಗಳಲ್ಲಿ ಮೆಲ್ಲಗೆ ಏರಿಸಿದರು. ಹೋಗುವಾಗ ಅಮ್ಮನ ಕೈಲೇ ಪಟ್ಟಿ ಬರೆಸಿ: ಎಲ್ಲಿ ತೊಂದರೆ ಆಯಿತು, ಯಾವ ಶಬ್ದ ಚುಚ್ಚಿತು, ಯಾರ ಮಾತು ತಿಳಿಯಲಿಲ್ಲ. 'ಸರಿ ಇಲ್ಲ' ಅಂತ ಮಾತ್ರ ಹೇಳಿದರೆ ಅವರಿಗೂ ಏನು ಬದಲಿಸಬೇಕು ಅಂತ ಗೊತ್ತಾಗಲ್ಲ.

ಮನೆಯಲ್ಲಿ ಟಿವಿ ಆರಿಸಿ, ನಾನೊಬ್ಬಳೇ ಎದುರು ಕೂತು ಮಾತಾಡುವುದರಿಂದ ಶುರು ಮಾಡಿದೆವು. ಬೆಳಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು. ಪೇಪರನ್ನು ಗಟ್ಟಿಯಾಗಿ ಓದಿಸಿದೆ. ಅವಳ ದನಿ ಅವಳಿಗೆ ಒಗ್ಗಲು ಅದರಿಂದ ಸಹಾಯ ಆಯಿತು. ಹೊರಗೆ ಹೋಗುವುದು ಆಮೇಲೆ. ಮೊದಲ ವಾರವೇ ಮದುವೆ ಮನೆಗೆ ಹಾಕಿಕೊಂಡು ಹೋಗಬೇಡಿ.

ಸಣ್ಣಪುಟ್ಟ ವಿಷಯ ಕೆಲವು ಯಾರೂ ಮುಂಚೆ ಹೇಳಲಿಲ್ಲ. ತಲೆಗೆ ಎಣ್ಣೆ ಹಚ್ಚುವವರು ಹಚ್ಚಿ, ಬಾಚಿ, ಕಿವಿಯ ಹಿಂದೆ ಒರೆಸಿಕೊಂಡ ಮೇಲೆ ಮೆಷಿನ್ ಹಾಕಬೇಕು. ಅಮ್ಮನ ಒಂದು ಮೆಷಿನ್‌ನ ಮೈಕಿಗೆ ಎಣ್ಣೆ ಸೇರಿ ಶಬ್ದ ಮಂದ ಆಗಿತ್ತು. ಕುಯ್ ಅಂತ ಶಿಳ್ಳೆ ಬಂದರೆ ಅಚ್ಚು ಸರಿಯಾಗಿ ಕೂತಿಲ್ಲ ಅಂತ, ಒತ್ತಿ ಕೂರಿಸಿ. ಆಗಲೂ ಬಂದರೆ ಗುಗ್ಗೆ ನೋಡಿಸಿ. ಬ್ಯಾಟರಿಯ ಬಣ್ಣದ ಚೀಟಿ ಕಿತ್ತ ಮೇಲೆ ಒಂದು ನಿಮಿಷ ಹೊರಗೆ ಬಿಟ್ಟು ಹಾಕಿ, ಅದಕ್ಕೆ ಗಾಳಿ ಬೇಕು. ಅಮ್ಮನದು ಕಿತ್ತಳೆ ಚೀಟಿಯ 13 ನಂಬರು. ಬ್ಯಾಟರಿ ಸದಾ ಕೊಳ್ಳುತ್ತಲೇ ಇರಬೇಕು, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಳೆಯದನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ನುಂಗಿದರೆ ಪ್ರಾಣಕ್ಕೆ ಅಪಾಯ. ರಾತ್ರಿ ತೇವ ಹೀರುವ ಸಿಲಿಕಾ ಜೆಲ್ ಡಬ್ಬಿಯಲ್ಲಿ ಇಡಿ, ಮಲೆನಾಡು ಕರಾವಳಿಯವರಿಗಂತೂ ಇದು ಬೇಕೇ ಬೇಕು. ಫೋನ್ ಬಂದರೆ ಕಿವಿಯ ತೂತಿಗೆ ಹಿಡಿಯಬಾರದು. ಮೈಕ್ ಕಿವಿಯ ಮೇಲಿರುತ್ತೆ, ಫೋನನ್ನು ಅಲ್ಲಿಗೆ ಹಿಡಿಯಬೇಕು. ಇದನ್ನು ಕಲಿತ ದಿನ ಅಮ್ಮ ತಮ್ಮನಿಗೆ ತಾನೇ ಫೋನ್ ಮಾಡಿದಳು.

ನಾವೂ ಬದಲಾಗಬೇಕಾಯಿತು. ಅಡುಗೆಮನೆಯಿಂದ ಕೂಗುವುದು ನಿಂತಿದೆ. ಹತ್ತಿರ ಹೋಗಿ, ಮುಖ ಕಾಣುವ ಹಾಗೆ ನಿಂತು, ಸಾಧಾರಣ ದನಿಯಲ್ಲಿ ಮಾತಾಡುತ್ತೇವೆ. ಒಂದು ಸಲ ತಿಳಿಯದಿದ್ದರೆ ಅದೇ ಮಾತನ್ನು ಕಿರುಚದೆ ಬೇರೆ ಪದದಲ್ಲಿ ಹೇಳುತ್ತೇವೆ. 'ಏನಿಲ್ಲ ಬಿಡು' ಅನ್ನುವ ಮಾತು ನಮ್ಮ ಮನೆಯಲ್ಲಿ ಈಗ ಇಲ್ಲ. ಆ ಮಾತು ಅವಳಿಗೆ ಎಷ್ಟು ನೋವು ಕೊಡುತ್ತಿತ್ತು ಅಂತ ಅವಳೇ ಹೇಳಿದಳು. ಡಾಕ್ಟರ ಹತ್ತಿರ ಹೋದಾಗ "ನನಗೆ ಕಿವಿ ಮಂದ, ಮಾಸ್ಕ್ ಇಳಿಸಿ ಹೇಳಿ, ಮಾತ್ರೆ ವಿಷಯ ಬರೆದುಕೊಡಿ" ಅಂತ ಕೇಳುವುದನ್ನು ಅಭ್ಯಾಸ ಮಾಡಿಕೊಂಡಿದ್ದಾಳೆ. ರಾತ್ರಿ ಮೆಷಿನ್ ತೆಗೆದಾಗ ಬಾಗಿಲು ಬಡಿದರೆ ತಿಳಿಯಲಿ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕರೆಗಂಟೆಗೆ ಒಂದು ಲೈಟ್ ಜೋಡಿಸಿದ್ದೇವೆ.

ಎಲ್ಲ ಸರಿಹೋಗಿದೆ ಅಂತ ಹೇಳುವುದಿಲ್ಲ. ಗದ್ದಲದಲ್ಲಿ ಈಗಲೂ ಕಷ್ಟ. ದೂರದಿಂದ ಹೇಳಿದ್ದು ತಿಳಿಯಲ್ಲ. ದೇವಸ್ಥಾನದ ಗಂಟೆ ಜೋರಾಗಿ ಬಡಿದರೆ ಮುಖ ಕಿವುಚುತ್ತಾಳೆ. ಆದರೆ ಬ್ಯಾಂಕಿಗೆ ಒಬ್ಬಳೇ ಹೋಗುತ್ತಾಳೆ. ಭಜನೆಗೆ ಮತ್ತೆ ಸೇರಿದ್ದಾಳೆ, ಎದುರಿನ ಸಾಲಿನಲ್ಲಿ ಕೂರುತ್ತಾಳೆ. ಮರೆವಿನ ಪರೀಕ್ಷೆಯನ್ನೂ ಮೆಷಿನ್ ಹಾಕಿಕೊಂಡೇ ಮಾಡಿಸಿದೆವು. ಸದ್ಯಕ್ಕೆ ಚಿಂತೆ ಮಾಡುವಂಥದ್ದು ಏನೂ ಇಲ್ಲ ಅಂದರು. ಈ ಸಲದ ಕೊಬ್ಬರಿ ದರವನ್ನು ವ್ಯಾಪಾರಿಯ ಜೊತೆ ಅವಳೇ ಮಾತಾಡಿದಳು. ಫೋನ್‌ನಲ್ಲಿ ಕೇಳಿದ ಅಂಕಿಯನ್ನು ತಾನು ತಿರುಗಿ ಹೇಳಿ, ಅವನ ಬಾಯಲ್ಲಿ ಹೌದು ಅನ್ನಿಸಿಕೊಂಡು, ಆಮೇಲೆ ಮಾಲು ಕೊಟ್ಟಳು. ತಮ್ಮನಿಗೆ ವಿಷಯ ತಿಳಿದದ್ದು ದುಡ್ಡು ಬಂದ ಮೇಲೆ.

ಹೊರಡುವವರು ಚೀಲದಲ್ಲಿ ಇಟ್ಟುಕೊಳ್ಳಬೇಕಾದದ್ದು: ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣ ಪತ್ರ ಇದ್ದರೆ ಅದು, ಎರಡು ಮೂರು ಫೋಟೋ, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ, ಹಳೆಯ ಇಎನ್‌ಟಿ ಕಾಗದ, ಎಲ್ಲದರ ಜೆರಾಕ್ಸ್. ನಮಗೆ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸಲು ಹೇಳಿದ್ದಾರೆ. ಕಿವಿ ಇನ್ನೂ ಮಂದವಾದರೆ ಇದೇ ಮೆಷಿನ್‌ಗೆ ಶಬ್ದ ಏರಿಸಬಹುದಂತೆ, ಮತ್ತು ಆಗ 60 ಡೆಸಿಬಲ್ ದಾಟಿದ್ದರೆ ಯುಡಿಐಡಿಗೆ ಅರ್ಜಿ ಹಾಕಲು ಆ ರಿಪೋರ್ಟೇ ಆಧಾರ. ಹಾಗಾಗಿ ಇಲ್ಲಿಯ ತನಕದ ಎಲ್ಲ ಆಡಿಯೋಗ್ರಾಮ್‌ಗಳನ್ನೂ ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿ ಹಾಕಿ ಅಮ್ಮನ ಬೀರುವಿನಲ್ಲಿ ಇಟ್ಟಿದ್ದೇನೆ, ಫೋಟೋ ತೆಗೆದು ತಮ್ಮನ ಫೋನಿಗೂ ಕಳಿಸಿದ್ದೇನೆ.